ಮಾಸ್ತರ ಗಾಡಿಯ ಕೆಂಪು ದೀಪ

ನಮ್ಮ ಕಡೆ ಚಳಿಗಾಲವೆಂದರೆ ಆರು ವಾರ, ಹೆಚ್ಚೆಂದರೆ ಎಂಟು. ಉಳಿದ ದಿನವೆಲ್ಲ ಬಿಸಿಲೇ. ಹಾಗಾಗಿ ಗಾಡಿ ಕಾದರೆ ಏನು ಮಾಡಬೇಕೆಂಬುದು ಶಹಾಪುರದ ಪ್ರತಿಯೊಬ್ಬ ಡ್ರೈವರನಿಗೂ ಗೊತ್ತು. ಗಾಡಿಗೆ ಚಳಿ ಹತ್ತಿದರೆ ಏನು ಮಾಡಬೇಕೆಂಬುದು ಯಾರಿಗೂ ಗೊತ್ತಿಲ್ಲ. ಕಾಲುವೆ ನೀರು ಬಂದ ಮೇಲೆ ರಸ್ತೆಯ ಎರಡೂ ಮಗ್ಗುಲಿಗೆ ಭತ್ತದ ಗದ್ದೆಗಳಾದವು. ಡಿಸೆಂಬರ್ ಬಂತೆಂದರೆ ನಸುಕಿನಲ್ಲಿ ಆ ಗದ್ದೆಗಳಿಂದ ಮಂಜು ಎದ್ದು ರಸ್ತೆಗೆ ಬರುತ್ತದೆ. ನಾನು ಸಣ್ಣವನಿದ್ದಾಗ ಇಷ್ಟು ಮಂಜು ಕಂಡಿರಲಿಲ್ಲ. ಅಂಗಳದಲ್ಲಿ ನಿಲ್ಲಿಸಿದ ಗಾಡಿಯ ಮೇಲೆ ಇಬ್ಬನಿ ಇಳಿಯುತ್ತದೆ, ಬಾನೆಟ್ಟಿನ ಸಂದಿಯಿಂದ ಒಳಗೆ ಹೋಗುತ್ತದೆ, ವೈರುಗಳು ಕೂಡುವ ಜಾಗಗಳಲ್ಲಿ ಕೂತುಕೊಳ್ಳುತ್ತದೆ. ಬೆಳಿಗ್ಗೆ ಕೀಲಿ ತಿರುವಿದರೆ ಸ್ಟೇರಿಂಗಿನ ಮುಂದಿನ ಮೀಟರ್ ಬೋರ್ಡಿನಲ್ಲಿ ಎಂದೂ ಹತ್ತದ ದೀಪಗಳೆಲ್ಲ ಹತ್ತುತ್ತವೆ. ಹತ್ತು ಗಂಟೆಗೆ ಬಿಸಿಲು ಬಿದ್ದ ಮೇಲೆ ತಾವಾಗಿಯೇ ಆರುತ್ತವೆ.

ನಲವತ್ತು ವರ್ಷ ನಾನು ಈ ದೀಪಗಳ ಕೆಲಸ ಮಾಡಿದ್ದೇನೆ. ಹತ್ತನೆಯ ತರಗತಿ ಪಾಸು ಮಾಡಿ, ಯಾದಗಿರಿಯಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ಗಾಡಿಯ ವೈರಿಂಗ್ ಕಲಿತು, ಶಹಾಪುರದಲ್ಲಿ ಯಾದಗಿರಿ ರಸ್ತೆಗೆ ಅಂಗಡಿ ಹಾಕಿದೆ. ಈಗ ಅಂಗಡಿ ಇಲ್ಲ. ಕಣ್ಣು ಮಂಜಾಗಿ ಸಣ್ಣ ವೈರಿನ ಬಣ್ಣ ತಿಳಿಯದಂತಾದಾಗ ಮುಚ್ಚಿದೆ. ಜನ ಹಾಗೆಂದುಕೊಂಡಿದ್ದಾರೆ. ನಿಜ ಹೇಳಬೇಕೆಂದರೆ ಕಣ್ಣು ಹೋಗಿ ನಾಲ್ಕಾರು ವರ್ಷ ಆದ ಮೇಲೆ ಮುಚ್ಚಿದೆ. ಆ ನಾಲ್ಕಾರು ವರ್ಷದೊಳಗೆ ಒಂದು ಗಾಡಿಯ ಒಂದು ದೀಪಕ್ಕೆ ನಾನು ಮಾಡಿದ ಕೆಲಸದಿಂದ ಒಬ್ಬ ಹೆಣ್ಣುಮಗಳ ಜೀವ ಹೋಯಿತು, ಅದರ ಕೆಟ್ಟ ಹೆಸರು ಒಬ್ಬ ಡ್ರೈವರನ ಮೇಲೆ ಬಂತು. ಅವನ ಮೇಲಿಂದ ಆ ಹೆಸರು ಇಳಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಇಳಿಯುತ್ತದೆ ಎಂಬ ಭರವಸೆ ನನಗಿಲ್ಲ.

ಚಳಿಗಾಲದಲ್ಲಿ ನನ್ನ ಅಂಗಡಿಗೆ ಒಂದು ಪದ್ಧತಿಯಿತ್ತು. ಬೆಳಿಗ್ಗೆ ಯಾರಾದರೂ ದೀಪ ಹತ್ತಿದೆ ಎಂದು ಓಡಿ ಬಂದರೆ ನಾನು ಪಕ್ಕಡ, ಸ್ಕ್ರೂಡ್ರೈವರ್ ಏನೂ ಹಿಡಿಯುತ್ತಿರಲಿಲ್ಲ. ಗಾಡಿಯ ಮೂತಿಯನ್ನು ಪೂರ್ವಕ್ಕೆ ಮಾಡಿ ನಿಲ್ಲಿಸಿ, ಬಾನೆಟ್ ತೆರೆದು ಬಿಸಿಲಿಗೆ ಬಿಡಿ ಎನ್ನುತ್ತಿದ್ದೆ. ಒಂದೊಂದು ದಿನ ಐದಾರು ಗಾಡಿಗಳು ಬಾಯಿ ತೆರೆದುಕೊಂಡು ಸಾಲಾಗಿ ಸೂರ್ಯನ ಕಡೆ ಮುಖ ಮಾಡಿ ನಿಂತಿರುತ್ತಿದ್ದವು. ಡ್ರೈವರುಗಳು ಎದುರಿನ ಹೋಟೆಲಿನಲ್ಲಿ ಸುಸಲಾ ಮಿರ್ಚಿ ತಿಂದು ಬರುವ ಹೊತ್ತಿಗೆ ದೀಪ ಆರಿರುತ್ತಿತ್ತು. ನಾನು ಏನೂ ತೆಗೆದುಕೊಳ್ಳದೆ ಕಳಿಸುತ್ತಿದ್ದೆ. "ಏನೂ ಆಗಿಲ್ಲ, ಹೋಗ್ರಿ, ಥಂಡಿ ಹತ್ತಿತ್ತು" ಎನ್ನುತ್ತಿದ್ದೆ.

ಇದರಿಂದ ಸುರಪುರ, ಶಹಾಪುರ, ವಡಗೇರಾ ಕಡೆಯೆಲ್ಲ ನನಗೆ ದೊಡ್ಡ ಹೆಸರು ಬಂತು. ಆ ಮಿಸ್ತ್ರಿ ಸುಳ್ಳು ಹೇಳಂಗಿಲ್ಲ, ಇಲ್ಲದ ಕೆಲಸ ಹಚ್ಚಂಗಿಲ್ಲ ಎಂದು ಜನ ಹೇಳತೊಡಗಿದರು. ಖರೇ ಎಂದರೆ ಆ ಗಾಡಿಗಳಲ್ಲಿ ಅರ್ಧಕ್ಕೆ ಏನೋ ಒಂದು ಆಗಿರುತ್ತಿತ್ತು. ಚಳಿಯಲ್ಲಿ ಮಾತ್ರ ಕಾಣುವ ದೋಷ ಚಳಿಯಲ್ಲಿಯೇ ಹುಡುಕಬೇಕು. ಅದಕ್ಕೆ ನಸುಕಿನಲ್ಲಿ ಎದ್ದು, ತಣ್ಣಗಿದ್ದಾಗಲೇ ಒಂದೊಂದು ಜೋಡಣೆ ಬಿಚ್ಚಿ ನೋಡಬೇಕು. ನನ್ನ ಉಸ್ತಾದರು ಹಾಗೆ ನೋಡುತ್ತಿದ್ದರು. ಯಾರಾದರೂ ಶಿಷ್ಯ ವೈರು ನೋಡುವ ಮೊದಲು ದೀಪಕ್ಕೆ ಕೈ ಹಚ್ಚಿದರೆ ಮುಂಗೈ ಮೇಲೆ ಹೊಡೆಯುತ್ತಿದ್ದರು. ನನಗೆ ಸೂರ್ಯನಿದ್ದ, ಒಳ್ಳೆಯ ಹೆಸರಿತ್ತು. ಸಾಕಾಯಿತು.

ಆ ಗಾಡಿ ಸುರಪುರದ ಒಬ್ಬ ನಿವೃತ್ತ ಮಾಸ್ತರದು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಕಲಿಸಿದವರು. ಹೈದರಾಬಾದಿನಿಂದ ಯಾರೋ ವಾಪರಿಸಿ ಬಿಟ್ಟ ಬಿಳಿ ಕಾರು ತಂದಿದ್ದರು. ತಮ್ಮ ಸಲುವಾಗಿ ತಂದದ್ದಲ್ಲ. ಅವರ ಹೆಂಡತಿಯ ಕಿಡ್ನಿ ಎರಡೂ ಹೋಗಿದ್ದವು. ವಾರಕ್ಕೆ ಎರಡು ಸಲ ಯಾದಗಿರಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕಿತ್ತು. ಬೆಳಿಗ್ಗೆ ಏಳಕ್ಕೆ ಅವರ ಪಾಳಿ. ಸುರಪುರದಿಂದ ಐದು ಗಂಟೆಗೆ ಹೊರಟರೆ ಶಹಾಪುರ ದಾಟಿ, ಭೀಮಾ ನದಿಯ ಸೇತುವೆ ದಾಟಿ, ಹೊತ್ತಿಗೆ ಸರಿಯಾಗಿ ಮುಟ್ಟುತ್ತಿದ್ದರು. ಗಾಡಿ ಹೊಡೆಯುತ್ತಿದ್ದವನು ಅದೇ ಕಡೆಯ ಒಂದು ಹಳ್ಳಿಯ ಹುಡುಗ. ಹುಡುಗ ಎನ್ನುತ್ತೇನೆ, ಆಗಲೇ ಅವನಿಗೆ ಎರಡು ಮಕ್ಕಳಿದ್ದವು. ಅಪ್ಪ ಅವ್ವ ಬೇರೆಯವರ ಹೊಲದಲ್ಲಿ ದುಡಿದು ಬದುಕಿದವರು. ಆ ಮನೆತನದಲ್ಲಿ ಕೈಯಲ್ಲಿ ಗಾಡಿಯ ಕೀಲಿ ಹಿಡಿದವನು ಅವನೇ ಮೊದಲಿಗ. ಕೀಲಿಯನ್ನು ಕಿಸೆಯಲ್ಲಿ ಇಡುತ್ತಿರಲಿಲ್ಲ, ಬೆರಳಿಗೆ ಸಿಗಿಸಿಕೊಂಡೇ ತಿರುಗುತ್ತಿದ್ದ. ನನಗೆ ಕಾಕಾ ಎನ್ನುತ್ತಿದ್ದ.

ಮೊದಲನೆಯ ಚಳಿಗಾಲದಲ್ಲಿಯೇ ಆ ಗಾಡಿಯ ಬ್ಯಾಟರಿ ದೀಪ ಹತ್ತಿತು. ಸಣ್ಣ ಕೆಂಪು ದೀಪ, ಬ್ಯಾಟರಿಯ ಚಿತ್ರವಿರುತ್ತದೆ. ಕೀಲಿ ತಿರುವಿದಾಗ ಹತ್ತಿ, ಎಂಜಿನ್ ಚಾಲೂ ಆದ ಕೂಡಲೇ ಆರಬೇಕು. ಆರದಿದ್ದರೆ ಡೈನಮೋ ಬ್ಯಾಟರಿಗೆ ಕರೆಂಟು ತುಂಬುತ್ತಿಲ್ಲ ಎಂದರ್ಥ. ಗಾಡಿ ನಡೆಯುತ್ತದೆ, ಆದರೆ ಬ್ಯಾಟರಿಯಲ್ಲಿ ಉಳಿದಿದ್ದು ಮುಗಿಯುವವರೆಗೆ ಮಾತ್ರ.

ಡ್ರೈವರ ಗಾಡಿ ತಂದ. ಮಾಸ್ತರ ಹೆಂಡತಿ ಮುಂದಿನ ಸೀಟಿನಲ್ಲಿ ಶಾಲು ಹೊದ್ದು ಕೂತಿದ್ದರು. ಕಾಲು ಬಾತಿದ್ದವು, ಮಾತು ಮಾತ್ರ ಚುರುಕು.

"ಅಣ್ಣಾ, ಈ ದೀಪ ನನ್ನ ಮಾರಿಗೇ ಕಣ್ಣು ಬಿಟಗೊಂಡು ಕುಂತದ ನೋಡ್ರಿ. ಸುರಪುರದಿಂದ ಇಲ್ಲೀತನ ಅದನ್ನ ನೋಡಕೋತ ಬಂದೀನಿ. ನಮ್ಮ ಅತ್ತಿ ಸೈತ ಹಿಂಗ ನೋಡಿದಕಿ ಅಲ್ಲ."

ಹಿಂದೆ ಕೂತಿದ್ದ ಮಾಸ್ತರು, "ನಮ್ಮ ಅವ್ವನ ಸುದ್ದಿ ಯಾಕ ಈಗ?" ಎಂದರು.

"ಸತ್ತಾರಲ್ಲ, ಇನ್ನೇನ್ ಬೈತಾರ?" ಎಂದು ಆಕೆ ನಕ್ಕರು.

ಆ ದಿನ ಪಾಳಿ ತಪ್ಪಬಾರದೆಂದು ಹಾಗೆಯೇ ಕಳಿಸಿದೆ. ಮಧ್ಯಾಹ್ನ ವಾಪಸು ಬಂದಾಗ ದೀಪ ಆರಿತ್ತು. ಮೀಟರ್ ಹಚ್ಚಿ ನೋಡಿದರೆ ಡೈನಮೋ ಚೆನ್ನಾಗಿ ತುಂಬುತ್ತಿತ್ತು. ಥಂಡಿ ಎಂದೆ. ಮರುವಾರ ಮತ್ತೆ ಹತ್ತಿತು. ಎರಡನೆಯ ಸಲ ವೈರುಗಳನ್ನೆಲ್ಲ ಒರೆಸಿ, ಬೆಲ್ಟು ಬಿಗಿ ಮಾಡಿದೆ. ಮೂರನೆಯ ಸಲವೂ ಬಂದರು. ಆಗ ನನಗೆ ದೋಷ ಎಲ್ಲಿರಬಹುದೆಂದು ಹೊಳೆಯಿತು. ಡೈನಮೋದ ಒಳಗೆ ಒಂದು ಸಣ್ಣ ಬೆಸುಗೆ ಕೂದಲೆಳೆಯಷ್ಟು ಬಿರಿದಿರಬೇಕು. ಚಳಿಗೆ ಕುಗ್ಗಿ ಬಿರುಕು ಬಾಯಿ ಬಿಡುತ್ತದೆ, ಬಿಸಿಗೆ ಹಿಗ್ಗಿ ಕೂಡಿಕೊಳ್ಳುತ್ತದೆ. ಡೈನಮೋ ಇಳಿಸಿ ಬಿಚ್ಚಿ ನೋಡಿದ್ದರೆ ಅರ್ಧ ದಿನದ ಕೆಲಸ. ಆದರೆ ಆ ಬಿರುಕು ನನ್ನ ಕಣ್ಣಿಗೆ ಕಾಣುವಂತಿರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಒಬ್ಬ ಅಂಗಡಿ ಹಾಕಿದ್ದ, ಎಳೆಯ ಕಣ್ಣಿನವನು. ಅವನ ಕಡೆ ಕಳಿಸಬಹುದಿತ್ತು. ಕಳಿಸಿದ್ದರೆ ಮಿಸ್ತ್ರಿಗೆ ಕಣ್ಣು ಕಾಣುವುದಿಲ್ಲ ಎಂಬುದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು.

ಮಾಸ್ತರ ಹೆಂಡತಿ ಆ ದಿನ ಕಾರಿನಲ್ಲೇ ಕೂತು ಹೇಳಿದ ಮಾತು ಹೀಗಿತ್ತು: "ಅಣ್ಣಾ, ಹೆಂಗರ ಮಾಡಿ ಇದರ ಕಣ್ಣು ಮುಚ್ಚಸ್ರಿ. ಇದು ಹತ್ತಿತಂದ್ರ ನನ್ನ ಎದಿ ಡವ ಡವ ಅಂತದ. ದಾರ್ಯಾಗ ನಿಂತರ ಏನ್ ಗತಿ ಅಂತ ಅದ ಚಿಂತಿ."

ನಾನು ಅವರನ್ನು ಹೋಟೆಲಿಗೆ ಕಳಿಸಿ, ಮೀಟರ್ ಬೋರ್ಡ್ ಬಿಚ್ಚಿದೆ. ಬ್ಯಾಟರಿ ದೀಪದ ವೈರನ್ನು ಕತ್ತರಿಸಿ, ಪಕ್ಕದ ಎಂಜಿನ್ ಆಯಿಲ್ ದೀಪದ ವೈರಿಗೆ ಜೋಡಿಸಿದೆ. ಆಯಿಲ್ ದೀಪ ಕೂಡ ಕೀಲಿ ತಿರುವಿದಾಗ ಹತ್ತಿ, ಎಂಜಿನ್ ಚಾಲೂ ಆದ ಕೂಡಲೇ ಆರುತ್ತದೆ. ಈಗ ಎರಡೂ ಒಟ್ಟಿಗೆ ಹತ್ತುತ್ತವೆ, ಒಟ್ಟಿಗೆ ಆರುತ್ತವೆ. ದೀಪವನ್ನು ತೆಗೆದೇ ಬಿಟ್ಟಿದ್ದರೆ ಡ್ರೈವರನಿಗೆ ಅನುಮಾನ ಬರುತ್ತಿತ್ತು. ಹೀಗೆ ಮಾಡಿದರೆ ಎಂಥ ಜಾಣನಿಗೂ ತಿಳಿಯುವುದಿಲ್ಲ. ಹಳೆಯ ಗಾಡಿ ಮಾರುವ ದಲ್ಲಾಳಿಗಳು ಮಾಡಿಸುವ ಕೆಲಸ ಇದು. ಅಂಥವರು ಬಂದಾಗ ನಾನು ಎಷ್ಟೋ ಸಲ ಬೈದು ಕಳಿಸಿದ್ದೆ. ಅವತ್ತು ಯಾರೂ ಕೇಳದೆ ನಾನಾಗಿಯೇ ಮಾಡಿದೆ.

"ಆಯ್ತೇನ್ರಿ?" ಎಂದು ಮಾಸ್ತರು ಕೇಳಿದರು.

"ಆಯ್ತ್ರಿ. ವೈರ್ ಒಂದು ಸಡ್ಲ ಆಗಿತ್ತು, ಸಿಕ್ತು" ಎಂದೆ.

ಆಕೆ ಮುಂದಿನ ವಾರ ನನಗೆ ಶೇಂಗಾ ಹೋಳಿಗೆ ತಂದುಕೊಟ್ಟರು. ಅಷ್ಟೂ ಚಳಿಗಾಲ ಅವರು ಸುಖವಾಗಿ ಹೋಗಿ ಬಂದರು. ಆಮೇಲೆ ಬಿಸಿಲುಗಾಲ ಬಂತು, ಮಳೆಗಾಲ ಬಂತು. ನಾನು ಮರೆತೆ. ಮರೆತೆ ಎಂದು ಬರೆದದ್ದು ಪೂರ್ತಿ ಸರಿಯಲ್ಲ. ಆ ಬಿಳಿ ಕಾರು ಅಂಗಡಿ ಮುಂದೆ ಹಾದಾಗಲೆಲ್ಲ ಕೈಯಲ್ಲಿದ್ದ ಕೆಲಸಕ್ಕೆ ಕಣ್ಣು ಕೊಡುತ್ತಿದ್ದೆ.

ಎರಡನೆಯ ಚಳಿಗಾಲ ಶುರುವಾಯಿತು. ಡ್ರೈವರ ಒಂದು ದಿನ ಗಾಡಿ ನಿಲ್ಲಿಸಿ ಬಂದ.

"ಕಾಕಾ, ಮುಂಜಾನಿ ಹಾರ್ನ್ ದನಿ ಒಡದಂಗ ಆಗ್ಯಾದ. ಹೆಡ್‌ಲೈಟ್ ಬ್ಯಾರೆ ಹಳದಿ ಬರಾಕತ್ತಾವ. ದೀಪ ನೋಡಿದ್ರ ಆರಿರ್ತದ. ಒಂದ್ಸಲ ಮೀಟರ್ ಹಚ್ಚಿ ನೋಡ್ರಿ."

"ಥಂಡ್ಯಾಗ ನಿನ್ನ ದನಿ ಒಡೆಂಗಿಲ್ಲೇನ್ಲೇ? ಅದಕ್ಕೂ ಒಂದು ಶಾಲು ಹೊಚ್ಚು" ಎಂದೆ. ಎದುರಿನ ಹೋಟೆಲಿನವರು ನಕ್ಕರು, ಅವನೂ ನಕ್ಕ. ಒಂದು ವಾರ ಬಿಟ್ಟು ಮತ್ತೆ ಬಂದ. "ಜರಾ ನೋಡ್ರಿ ಕಾಕಾ, ಅಕ್ಕಾರನ್ನ ಕರಕೊಂಡು ಹೋಗೂ ಗಾಡಿ" ಎಂದ. ನೋಡಬೇಕೆಂದರೆ ಮೀಟರ್ ಬೋರ್ಡಿನ ಹಿಂದೆ ನಾನು ಮಾಡಿದ್ದನ್ನು ಅವನ ಎದುರಿಗೆ ಬಿಚ್ಚಬೇಕಾಗುತ್ತಿತ್ತು. ಅಮಾವಾಸ್ಯೆ ಮುಗಿಯಲಿ, ಒಂದು ದಿನ ಗಾಡಿ ಬಿಟ್ಟು ಹೋಗು, ನಾನೊಬ್ಬನೇ ಕೂತು ನೋಡುತ್ತೇನೆ ಎಂದೆ. ಎಳ್ಳಮಾವಾಸ್ಯೆಗೆ ಆಗ ನಾಲ್ಕು ದಿನ ಇತ್ತು.

ನಮ್ಮಲ್ಲಿ ಎಳ್ಳಮಾವಾಸ್ಯೆಗೆ ಮನೆಯಲ್ಲಿ ಯಾರೂ ಉಳಿಯುವುದಿಲ್ಲ. ಸಜ್ಜೆ ಕಡುಬು, ಭಜ್ಜಿ, ಜೋಳದ ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ನೈವೇದ್ಯವೆಂದು ಚರಗ ಚೆಲ್ಲಿ, ಅಲ್ಲೇ ಉಂಡು ಬರುತ್ತಾರೆ. ಆ ವರ್ಷ ಅಮಾವಾಸ್ಯೆ ಆಕೆಯ ಪಾಳಿಯ ದಿನವೇ ಬಿತ್ತು. "ವರ್ಷದಾಗ ಒಂದು ದಿನ ನಮ್ಮ ಹೊಲ ನೋಡ್ತೀನಿ, ಮಷೀನ್ ಎಲ್ಲಿ ಓಡಿ ಹೋಗ್ತದ" ಎಂದು ಆಕೆ ಹಟ ಹಿಡಿದರಂತೆ. ಮಾಸ್ತರು ಆಸ್ಪತ್ರೆಗೆ ಕೇಳಿ ಪಾಳಿಯನ್ನು ಮರುದಿನಕ್ಕೆ ಮಾಡಿಸಿಕೊಂಡರು. ಡಯಾಲಿಸಿಸ್‌ನವರು ಇಷ್ಟೇ ನೀರು ಕುಡಿಯಬೇಕೆಂದು ಅಳತೆ ಇರುತ್ತದೆ. ಹೊಲದಲ್ಲಿ ಆಕೆ ಎರಡು ಬಟ್ಟಲು ಅಂಬಲಿ ಕುಡಿದರಂತೆ. ಯಾರೂ ಬೇಡ ಎನ್ನಲಿಲ್ಲ. ಬಹಳ ದಿನದ ಮೇಲೆ ಮುಖದಲ್ಲಿ ಕಳೆ ಇತ್ತು ಎಂದು ಮಾಸ್ತರು ಆಮೇಲೆ ಹೇಳಿದರು.

ಡ್ರೈವರ ಕೂಡ ಅವರ ಜೊತೆ ಹೊಲಕ್ಕೆ ಹೋಗಿದ್ದ. ಸಂಜೆ ಅವರನ್ನು ಮನೆಗೆ ಬಿಟ್ಟು, ಗಾಡಿ ಅಂಗಳದಲ್ಲಿ ನಿಲ್ಲಿಸಿ ತನ್ನ ಊರಿಗೆ ಹೋದ. ಮರುದಿನ ನಸುಕಿನಲ್ಲಿ ಬಂದು ಕೀಲಿ ತಿರುವಿದರೆ ಗಾಡಿ ಎತ್ತಲಿಲ್ಲ. ಆಕೆಗೆ ಆಗಲೇ ಉಸಿರು ಕಟ್ಟುತ್ತಿತ್ತು, ಮಲಗಲು ಆಗದೆ ಇಡೀ ರಾತ್ರಿ ಕೂತೇ ಕಳೆದಿದ್ದರು. ಓಣಿಯವರು ನಾಲ್ಕು ಜನ ಸೇರಿ ಗಾಡಿ ನೂಕಿದರು. ಚಾಲೂ ಆಯಿತು. ದೀಪ ಆರಿತು. ದೀಪ ಆರಿತಲ್ಲ, ಇನ್ನು ಬ್ಯಾಟರಿ ದಾರಿಯಲ್ಲಿ ತುಂಬಿಕೊಳ್ಳುತ್ತದೆ ಎಂದು ಡ್ರೈವರ ನಂಬಿದ. ಅವನ ಜಾಗದಲ್ಲಿ ಯಾರಿದ್ದರೂ ನಂಬುತ್ತಿದ್ದರು. ದೀಪ ಇರುವುದೇ ಅದಕ್ಕಾಗಿ.

ನಾನು ಆ ಹೊತ್ತಿಗೆ ಎದ್ದು ಎದುರಿನ ಹೋಟೆಲಿನ ಒಲೆಯ ಮುಂದೆ ಚಹಾ ಕುಡಿಯುತ್ತ ನಿಂತಿದ್ದೆ. ಮಂಜು ರಸ್ತೆಯನ್ನು ಮುಚ್ಚಿತ್ತು. ಸುರಪುರದ ಕಡೆಯಿಂದ ಎರಡು ದೀಪ ಬಂದವು. ಒಣಗಿದ ಜೋಳದ ಕಣಕಿಯ ಬಣ್ಣದ ದೀಪ, ಬೆಳಕು ರಸ್ತೆಗೆ ಮುಟ್ಟುತ್ತಿರಲಿಲ್ಲ. ಹತ್ತಿರ ಬಂದಾಗ ಬಿಳಿ ಕಾರು ಎಂದು ತಿಳಿಯಿತು. ಡ್ರೈವರ ನನ್ನನ್ನು ನೋಡಿ ಹಾರ್ನ್ ಒತ್ತಿದ. ಗಂಟಲು ಹಿಡಿದ ಆಡಿನ ದನಿಯಂತೆ ಬಂತು. ನೋಡಿದ ಕ್ಷಣವೇ ನನಗೆ ಎಲ್ಲ ಗೊತ್ತಾಯಿತು. ಡೈನಮೋ ಪೂರ್ತಿ ಸತ್ತಿದೆ, ಈ ಗಾಡಿ ಯಾದಗಿರಿ ಮುಟ್ಟುವುದಿಲ್ಲ.

ನಾನು ಕೈ ಎತ್ತಿದೆ. ಆ ಕೈಯನ್ನು ಅಡ್ಡ ಹಿಡಿದಿದ್ದರೆ ಅವನು ನಿಲ್ಲಿಸುತ್ತಿದ್ದ. ನನ್ನ ಅಂಗಡಿಯಲ್ಲಿ ಬ್ಯಾಟರಿ ಇದ್ದವು. ಹತ್ತು ನಿಮಿಷದಲ್ಲಿ ತುಂಬಿದ ಬ್ಯಾಟರಿ ಹಾಕಿ ಕಳಿಸಬಹುದಿತ್ತು. ಆದರೆ ಮಾಸ್ತರು ಕೇಳುತ್ತಿದ್ದರು, ದೀಪ ಆರಿದೆಯಲ್ಲ, ನಿಮಗೆ ಹೇಗೆ ತಿಳಿಯಿತು ಎಂದು. ಈ ವಿಚಾರ ತಲೆಯಲ್ಲಿ ಹಾಯುವಷ್ಟರಲ್ಲಿ ಎತ್ತಿದ ಕೈ ನಮಸ್ಕಾರದ ಕೈ ಆಯಿತು. ಗಾಡಿ ಮಂಜಿನೊಳಗೆ ಹೋಯಿತು. ಮುಟ್ಟಬಹುದು, ಮುಟ್ಟಬಹುದು ಎಂದು ಮನಸ್ಸಿನಲ್ಲಿ ಅನ್ನುತ್ತ ಚಹಾ ಮುಗಿಸಿದೆ.

ಭೀಮಾ ನದಿ ಇನ್ನೂ ಏಳೆಂಟು ಕಿಲೋಮೀಟರ್ ಇರುವಾಗ ಗಾಡಿ ನಿಂತಿತು. ಹೆಡ್‌ಲೈಟ್ ಆರಿ, ಎಂಜಿನ್ ಆರಿ, ಡ್ರೈವರ ಉರುಳುವ ಗಾಡಿಯನ್ನು ರಸ್ತೆಯ ಮಗ್ಗುಲಿಗೆ ಹಚ್ಚಿದನಂತೆ. ಅಲ್ಲಿ ಎರಡೂ ಕಡೆ ಗದ್ದೆ, ಮನೆಯಿಲ್ಲ. ಆಂಬುಲೆನ್ಸಿಗೆ ಫೋನು ಮಾಡಿದರು. ಆ ಮಂಜಿನಲ್ಲಿ ಬರುವವರು ನಿಧಾನವಾಗಿಯೇ ಬರಬೇಕು. ಡ್ರೈವರ ರಸ್ತೆಯ ನಡುವೆ ನಿಂತು ಅಂಗಿ ಬಿಚ್ಚಿ ಬೀಸಿ, ಕೂಲಿಗೆ ಹೋಗುವ ಹೆಣ್ಣುಮಕ್ಕಳ ಒಂದು ಟಂಟಂ ಆಟೋ ನಿಲ್ಲಿಸಿದ. ಆ ಹೆಣ್ಣುಮಕ್ಕಳೆಲ್ಲ ಇಳಿದು ಜಾಗ ಕೊಟ್ಟರು. ಇಬ್ಬರು ಮತ್ತೆ ಹತ್ತಿ ಮಾಸ್ತರ ಹೆಂಡತಿಯನ್ನು ಎರಡೂ ಬದಿ ಹಿಡಿದುಕೊಂಡು ಹೋದರು. ಸೇತುವೆಯ ಮೇಲೆ ಆಕೆಯ ಕುತ್ತಿಗೆ ಒಬ್ಬಾಕೆಯ ಹೆಗಲಿಗೆ ವಾಲಿತು. ಆಸ್ಪತ್ರೆಯಲ್ಲಿ ಇಳಿಸಿಕೊಂಡಾಗ ಏನೂ ಉಳಿದಿರಲಿಲ್ಲ.

ಮಣ್ಣು ಆದ ಮರುದಿನ ಗಾಡಿಯನ್ನು ಹಗ್ಗ ಕಟ್ಟಿ ಎಳೆದು ನನ್ನ ಅಂಗಡಿಗೇ ತಂದರು. ನಂಬಿಕೆಯ ಮಿಸ್ತ್ರಿ ನಾನೇ ಅಲ್ಲವೆ. ತಂದವರು ಹೋದ ಮೇಲೆ ಮೊದಲು ಮೀಟರ್ ಬೋರ್ಡ್ ಬಿಚ್ಚಿ ವೈರನ್ನು ಮೊದಲಿದ್ದ ಹಾಗೆ ಜೋಡಿಸಿದೆ. ಕತ್ತರಿಸಿದ ಗುರುತು ಕಾಣದಂತೆ ಕರಿ ಟೇಪು ಸುತ್ತಿದೆ. ಆಮೇಲೆ ಡೈನಮೋ ಇಳಿಸಿ, ಬೇರೆ ಗಾಡಿಯದೊಂದು ಇತ್ತು, ಅದನ್ನು ಕೂಡಿಸಿದೆ. ಹಳೆಯದನ್ನು ಬಿಚ್ಚಿ ಭೂತಗನ್ನಡಿ ಹಿಡಿದು ನೋಡಿದೆ. ಬೆಸುಗೆ ಬಿರಿದಿತ್ತು. ನಾನು ಎಣಿಸಿದ ಜಾಗದಲ್ಲಿಯೇ.

ಮಾಸ್ತರು ಮೂರನೆಯ ದಿನ ಬಂದು ಕೇಳಿದರು, ಗಾಡಿಗೆ ಏನಾಗಿತ್ತು ಎಂದು.

"ಬ್ಯಾಟರಿ ಇಳದಿತ್ರಿ" ಎಂದೆ. ಇದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ.

ಅಷ್ಟರಲ್ಲಿ ಸುರಪುರದಲ್ಲಿ ಮಾತು ಹುಟ್ಟಿತ್ತು. ಅಮಾವಾಸ್ಯೆ ದಿನ ಹೊಲದಲ್ಲಿ ಡ್ರೈವರ ಕುಡಿದಿದ್ದನಂತೆ, ಕುಡಿದ ನಶೆಯಲ್ಲಿ ಪಾರ್ಕಿಂಗ್ ಲೈಟ್ ಹಚ್ಚಿ ಬಿಟ್ಟು ಹೋದನಂತೆ, ರಾತ್ರಿಯೆಲ್ಲ ಉರಿದು ಬ್ಯಾಟರಿ ಇಳಿಯಿತಂತೆ. ಗಾಡಿ ನೂಕಿದ ನಾಲ್ವರೂ ಸಾಕ್ಷಿ. ಬ್ಯಾಟರಿ ಇಳಿದಿದ್ದು ಹೌದು ಎಂದು ಮಿಸ್ತ್ರಿಯೇ ಹೇಳಿದ್ದಾನೆ, ಮತ್ತೇನು ಬೇಕು. ಅವನ ಕುಲದ ಮಾತೂ ಅದರಲ್ಲಿ ಸೇರಿತು. ಅಂಥವರ ಕೈಗೆ ಕೀಲಿ ಕೊಟ್ಟರೆ ಇನ್ನೇನಾಗುತ್ತದೆ ಎಂದು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತೇ ಒಬ್ಬರು ಹೇಳಿದರು. ನಾನು ವೈರಿನ ಸಿಪ್ಪೆ ಬಿಡಿಸುತ್ತ ಕೂತಿದ್ದೆ.

ಡ್ರೈವರ ಬಂದದ್ದು ಹದಿನೈದು ದಿನ ಬಿಟ್ಟು. ಬೆರಳಲ್ಲಿ ಕೀಲಿ ಇರಲಿಲ್ಲ, ಆ ಬೆರಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದ.

"ಕಾಕಾ, ಒಂದು ಕೇಳ್ತೀನಿ, ಖರೇ ಹೇಳ್ರಿ. ನಾ ಕುಡಿದಿಲ್ಲ, ನನ್ನ ಮಕ್ಕಳಾಣಿ. ಆದ್ರ ಆ ಪಾರ್ಕಿಂಗ್ ಲೈಟ್... ನಾ ಆರಿಸೀನಿ ಅಂತ ಅನ್ನಸ್ತದ, ನೆನಪು ಪಕ್ಕಾ ಬರವಲ್ದು. ಮಂದಿ ಎಲ್ಲಾ ಹಂಗ ಅನ್ನಾಕತ್ತಾರ. ನೀವ್ ಗಾಡಿ ನೋಡೀರಿ. ನಾ ಹಚ್ಚಿ ಬಿಟ್ಟಿದ್ದು ಇರಬಹುದೇನ್ರಿ?"

ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಬೆಂಚಿನ ಕೆಳಗಿನ ಡಬ್ಬಿಯಲ್ಲಿ ಆ ಹಳೆಯ ಡೈನಮೋ ಇತ್ತು. ಕಾಲಿನಿಂದ ಸರಿಸಿದರೆ ಅವನ ಮುಂದೆ ಬರುತ್ತಿತ್ತು.

"ಇರಬಹುದು, ತಮ್ಮಾ" ಎಂದೆ. "ದಣದಿದ್ದಿ. ಯಾರಿಗಾದ್ರೂ ಆಗ್ತದ."

ಅವನು ತಲೆಯಾಡಿಸಿದ. ನನ್ನ ಕಾಲು ಮುಟ್ಟಿ ಹೋದ. ನಾನು ಮಾಡಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಪ ಯಾವುದೆಂದು ಕೇಳಿದರೆ ವೈರು ಕತ್ತರಿಸಿದ್ದಲ್ಲ, ಕೈ ಅಡ್ಡ ಹಿಡಿಯದೆ ಇದ್ದದ್ದೂ ಅಲ್ಲ, ಈ ಇರಬಹುದು ಎಂಬ ಮಾತು.

ಆಮೇಲೆ ಅವನಿಗೆ ಯಾರೂ ಗಾಡಿ ಕೊಡಲಿಲ್ಲ. ಗುರುಮಠಕಲ್ ಕಡೆ ಕೇಳಿದ, ಅಲ್ಲಿಗೂ ಸುದ್ದಿ ಮುಟ್ಟಿತ್ತು. ಒಂದೆರಡು ವರ್ಷದಲ್ಲಿ ಕುಡಿಯತೊಡಗಿದ. ಅಲ್ಲಿಯವರೆಗೆ ಅನುಮಾನವಿದ್ದವರು ಕೂಡ, ನೋಡು, ಆಗಲೂ ಕುಡಿದಿದ್ದ ಎಂದರು. ಈಗ ಶಹಾಪುರದ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಾನೆ. ಮಾಸ್ತರು ಕಾರು ಮಾರಿದರು. ಗಡಿಯಾಚೆಯ ಯಾರೋ ಒಯ್ದರು, ಆಮೇಲೆ ಗುಜರಿಗೆ ಹೋಯಿತೆಂದು ಕೇಳಿದೆ. ಹಳೆಯ ಡೈನಮೋವನ್ನು ಅಂಗಡಿ ಮುಚ್ಚುವಾಗ ಉಳಿದ ಕಬ್ಬಿಣದ ಜೊತೆ ನಾನೇ ಹಾಕಿಬಿಟ್ಟಿದ್ದೆ. ಈಗ ಸಾಕ್ಷಿಯೆಂದರೆ ನನ್ನ ಬಾಯಿಯೊಂದೇ.

ಕಳೆದ ಚಳಿಗಾಲದಲ್ಲಿ ನನಗೆ ಎದೆನೋವು ಬಂದು ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿದೆ. ಮಂಚದ ಹತ್ತಿರದ ಯಂತ್ರದಲ್ಲಿ ಸಣ್ಣದೊಂದು ಕೆಂಪು ದೀಪ ಹತ್ತಿ ಹತ್ತಿ ಆರುತ್ತಿತ್ತು. ನರ್ಸಮ್ಮ ಬಂದು ನೋಡಿ ಹೋಗುತ್ತಿದ್ದರು. ಅದನ್ನು ಯಾರೂ ಮುಚ್ಚಿರಲಿಲ್ಲ. ಮನೆಗೆ ಬಂದ ವಾರಕ್ಕೆ ಬಸ್ಸು ಹತ್ತಿ ಸುರಪುರಕ್ಕೆ ಹೋದೆ.

ಮಾಸ್ತರು ಅಂಗಳದ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಈಗ ತುಳಸಿ ಕುಂಡಗಳಿವೆ. ನಾನು ನೆಲಕ್ಕೆ ಕೂತು ಎಲ್ಲ ಹೇಳಿದೆ. ವೈರು, ಹಳದಿ ದೀಪ, ಎತ್ತಿದ ಕೈ, ಡೈನಮೋ, ಡ್ರೈವರನಿಗೆ ಹೇಳಿದ ಮಾತು. ಒಂದನ್ನೂ ಬಿಡಲಿಲ್ಲ. ಅವರು ನಡುವೆ ಬಾಯಿ ಹಾಕದೆ ಕೇಳಿದರು. ನಾನು ಮುಗಿಸಿ, ಹೊಡೆಯುತ್ತಾರೆ, ಉಗುಳುತ್ತಾರೆ ಎಂದು ಕಾದೆ. ಅದನ್ನು ಬಯಸಿದ್ದೆ ಕೂಡ.

"ಮಿಸ್ತ್ರಿ, ಮ್ಯಾಲ ಕೂಡ್ರಿ" ಎಂದರು. "ಆ ಡ್ರೈವರ ಕಳಸ್ಯಾನೇನು ನಿಮ್ಮನ್ನ?"

"ಇಲ್ರಿ. ಅವಗ ಗೊತ್ತೇ ಇಲ್ಲ."

"ಹಂಗಾದ್ರ ನಿಮ್ಮ ಮನಸಿಗೆ ಬಂದದ. ಅವನ ಮಕ್ಕಳ ಮಾರಿ ನೋಡಿ ಮರುಗೀರಿ. ನಿಮ್ಮ ಗುಣ ನನಗ ಗೊತ್ತಿಲ್ಲೇನು? ಕೆಲಸ ಮಾಡಿಲ್ಲಂದ್ರ ದುಡ್ಡು ಮುಟ್ಟಿದ ಮನಷ್ಯಾ ಅಲ್ಲ ನೀವು. ನೀವ್ ಹಂಗ ವೈರ್ ಕಡಿತೀರೇನ್ರಿ? ಈ ವಯಸ್ನ್ಯಾಗ ಇನ್ನೊಬ್ಬನ ಪಾಪ ಯಾಕ ತಲಿ ಮ್ಯಾಲ ಹೊತಗೋತೀರಿ?"

"ಖರೇ ಹೇಳಾಕತ್ತೇನ್ರಿ, ಮಾಸ್ತರ. ನಿಮ್ಮ ಮನಿಯವರ ಮ್ಯಾಲ ಆಣಿ."

"ಆಕಿ ಆಣಿ ಬ್ಯಾಡ್ರಿ." ಅವರ ದನಿ ಮೊದಲ ಸಲ ಗಡುಸಾಯಿತು. ತುಳಸಿ ಕುಂಡಗಳ ಕಡೆ ತಿರುಗಿ ಹೇಳಿದರು: "ನೋಡ್ರಿ, ಆವತ್ತು ಪಾಳಿ ಮುಂದಕ್ಕ ಹಾಕಸ್ದವ ನಾನು. ಅಂಬಲಿ ಕುಡಿತಿದ್ದಾಗ ನೋಡಕೋತ ಕುಂತವ ನಾನು. ಅವ ಲೈಟ್ ಹಚ್ಚಿ ಬಿಟ್ಟಾನ ಅನ್ನೂದೊಂದು ಇಟಗೊಂಡು ಇಷ್ಟ ದಿನ ಬದುಕೀನಿ. ಅದನ್ನೂ ತಗೊಂಡು ಹೋಗಬ್ಯಾಡ್ರಿ. ಚಹಾ ಕುಡದು ಹೋಗ್ರಿ."

ಅವರ ಸೊಸೆ ಚಹಾ ತಂದಿಟ್ಟಳು. ಕುಡಿದೆ. ಬಾಗಿಲವರೆಗೆ ಬಂದು, ಓಣಿಯವನೊಬ್ಬನಿಗೆ, "ಇವರು ದೇವರಂಥಾ ಮನಷ್ಯಾರು, ಬಸ್‌ಸ್ಟ್ಯಾಂಡ್‌ತನ ಗಾಡಿ ಮ್ಯಾಲ ಬಿಟ್ಟ ಬಾ" ಎಂದು ಹೇಳಿ ಕಳಿಸಿದರು.

ಅಲ್ಲಿಂದ ನೇರ ಅಕ್ಕಿ ಗಿರಣಿಗೆ ಹೋದೆ. ಮಧ್ಯಾಹ್ನದ ಊಟ ಮುಗಿದ ಹೊತ್ತು. ಅವನು ಒಂದರ ಮೇಲೊಂದು ಒಟ್ಟಿದ ಚೀಲಗಳ ಥಪ್ಪಿಗೆ ಆತು ಬೀಡಿ ಸೇದುತ್ತ ಕೂತಿದ್ದ. ಕೂದಲು ನನಗಿಂತ ಬೆಳ್ಳಗಾಗಿದೆ. ಹೊಟ್ಟಿನ ಧೂಳು ಎಂದುಕೊಂಡೆ ಮೊದಲು. ಕುಡಿದಿರಲಿಲ್ಲ. ಸುರಪುರದಲ್ಲಿ ಹೇಳಿದ್ದನ್ನೆಲ್ಲ ಅವನಿಗೂ ಹೇಳಿದೆ. ಬೀಡಿ ಆರಿದ್ದು ಅವನಿಗೆ ಗೊತ್ತಾಗಲಿಲ್ಲ.

"ಮಾಸ್ತರಿಗೆ ಹೇಳೀರೇನು?" ಎಂದ.

"ಈಗ ಹೇಳೇ ಬಂದೀನಿ. ನಂಬಲಿಲ್ಲ."

"ನಂಬೂದಿಲ್ಲ" ಎಂದ. ಆಮೇಲೆ ನನ್ನ ಕಡೆ ತಿರುಗಿ, ರೋಗಿಗೆ ಮಾತಾಡುವಂತೆ ಮೆತ್ತಗೆ ಹೇಳಿದ: "ಕಾಕಾ, ನಿಮಗ ಆರಾಮ ಇಲ್ಲಂತ ಕೇಳಿದ್ದೆ. ಯಾವ್ಯಾವುದೋ ತಲ್ಯಾಗ ಬರ್ತಾವ. ಆ ಲೈಟ್ ನಾನ ಹಚ್ಚಿ ಬಿಟ್ಟಿದ್ದೆ. ಮೊದಲ ನೆನಪು ಇರಲಿಲ್ಲ, ಈಗ ಪಕ್ಕಾ ಅದ. ಗಾಡಿ ನಿಲ್ಲಿಸಿ, ಅಕ್ಕಾರನ್ನ ಕೈ ಹಿಡದು ಇಳಿಸಿ, ಹೊಳ್ಳಿ ನೋಡ್ದೆ. ಎರಡು ಸಣ್ಣ ಲೈಟ್ ಉರಿಯಾಕತ್ತಿದ್ವು. ಆರಸಬೇಕು ಅಂದೆ. ಅಕ್ಕಾರು, ನಡಿಯಪಾ, ನಿನ್ನ ಮಕ್ಕಳಿಗೆ ಕಡುಬು ಕಟ್ಟಿಕೊಡ್ತೀನಿ ಅಂದ್ರು. ಒಳಗ ಹೋದೆ. ಮರತೆ. ಇದು ನನಗ ಕಣ್ಣಿಗೆ ಕಟ್ಟಿದಂಗ ಕಾಣತದ."

"ಅದು ಹಂಗಿಲ್ಲಪಾ. ನಾ ಅಂದಿದ್ದಕ್ಕ ನಿನಗ ಹಂಗ ಕಾಣಾಕತ್ತದ. ಡೈನಮೋ ಸತ್ತಿತ್ತು. ನಾ ಕಣ್ಣಾರೆ ನೋಡೀನಿ."

"ನಿಮ್ಮ ಕಣ್ಣು?" ಎಂದು ನಕ್ಕ. ಹಳೆಯ ನಗೆಯೇ, ಹೋಟೆಲಿನವರ ಜೊತೆ ನಕ್ಕಂಥದ್ದು. "ನಿಮಗ ಆವಾಗ ಕೆಂಪು ಹಸರು ತಿಳಿತಿರಲಿಲ್ಲ ಕಾಕಾ. ನಮಗೆಲ್ಲಾ ಗೊತ್ತಿತ್ತು. ಹೇಳಿದ್ರ ನೊಂದಗೋತೀರಿ ಅಂತ ಸುಮ್ಮ ಇದ್ವಿ."

ಎಲ್ಲರಿಗೂ ಗೊತ್ತಿದ್ದುದನ್ನು ಮುಚ್ಚುವುದಕ್ಕಾಗಿ ನಾನು ಆ ದೀಪವನ್ನು ಮುಚ್ಚಿದ್ದೆ.

ಗಿರಣಿಯ ಗುಮಾಸ್ತ ಒಳಗಿನಿಂದ ಕೂಗಿದ. ಲಾರಿ ಬಂದು ನಿಂತಿತ್ತು. ಅವನು ಎದ್ದು ಟವೆಲ್ ಝಾಡಿಸಿ ತಲೆಗೆ ಸುತ್ತಿಕೊಂಡ. ಜೊತೆಯ ಹಮಾಲ ಇನ್ನೂ ಕೈ ತೊಳೆಯುತ್ತಿದ್ದ. ಇವನು ಥಪ್ಪಿಯ ಮುಂದೆ ಬೆನ್ನು ಬಗ್ಗಿಸಿ ನಿಂತು, "ಜರಾ ಕೈ ಹಚ್ಚರಿ ಕಾಕಾ" ಎಂದ.

ನನ್ನ ಎದೆಗೆ ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದಾರೆ. ಥಪ್ಪಿಯ ಮೇಲಿನ ಚೀಲದ ಎರಡು ಕಿವಿ ಹಿಡಿದು ಎಳೆದು, ಅವನ ಬೆನ್ನಿನ ಮೇಲೆ ಸರಿಯಾಗಿ ಕೂಡುವಂತೆ ಇಟ್ಟೆ. ಅವನು ಮೊಳಕಾಲು ನೇರ ಮಾಡಿ, ಒಂದು ಸಲ ಜೋಲಿ ಹೊಡೆದು, ಲಾರಿಯ ಕಡೆ ನಡೆದ.